‘ಲಿನಕ್ಸ್‌ಗೆ ಹಾರ್ಡ್‌ವೇರ್ ಹೊಂದಲ್ಲ’ ಎನ್ನುವವರಿಗೆ ಒಂದು ಪ್ರತ್ಯುತ್ತರ

ಶಿವಮೊಗ್ಗದಲ್ಲಿ ಮನೆಗೆಂದು ಕಂಪ್ಯೂಟರ್ ಕಟ್ಟಿಸಲು ಹೊರಟವರು ‘ಲಿನಕ್ಸ್ ಹಾಕ್ಕೊಳ್ತೀನಿ’ ಅಂದರೆ ಸಾಕು, ಕೌಂಟರಿನ ಆಚೆಗಿನ ಮುಖ ಬದಲಾಗುತ್ತದೆ. ನೆಹರು ರಸ್ತೆಯಿರಲಿ, ದುರ್ಗಿಗುಡಿಯಿರಲಿ, ಭದ್ರಾವತಿಯ ಬಿ.ಎಚ್. ರಸ್ತೆಯಿರಲಿ, ಉತ್ತರ ಮಾತ್ರ ಎಲ್ಲರೂ ಒಟ್ಟಿಗೆ ಕೂತು ಬಾಯಿಪಾಠ ಮಾಡಿದಂತಿರುತ್ತದೆ: ‘ಅದಕ್ಕೆ ಹಾರ್ಡ್‌ವೇರ್ ಹೊಂದಲ್ಲ ಸಾರ್, ಆಮೇಲೆ ನಮ್ಮನ್ನ ಬೈಬೇಡಿ.’ ಈ ಒಂದು ಸಾಲಿನ ಹಿಂದೆ ಅರ್ಧ ಡಜನ್ ವಾದಗಳು ಅಡಗಿವೆ. ಒಂದೊಂದನ್ನೇ ಹೊರಗೆಳೆದು ನೋಡೋಣ. ತೀರ್ಪು ಓದುಗರದ್ದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಹೊಂದಾಣಿಕೆ ಎಂಬುದು ದುಡ್ಡು ಎಣಿಸುವ ಮುಂಚೆ ಮುಗಿಸಬೇಕಾದ ಕೆಲಸ. ಅದನ್ನು ಮಾಡದೆ ಕೊಂಡು, ಮಾಡದೆ ಮಾರಿ, ಕೊನೆಗೆ ದೂರನ್ನು ಆಪರೇಟಿಂಗ್ ಸಿಸ್ಟಂ ಹೆಸರಿಗೆ ಬರೆಯುವುದು ನ್ಯಾಯವಲ್ಲ.

ಮೊದಲ ವಾದ: ‘ವಿಂಡೋಸ್ ಆದರೆ ಎಲ್ಲಕ್ಕೂ ಹೊಂದುತ್ತದೆ.’ ಹಾಗಿದ್ದರೆ ಮದರ್‌ಬೋರ್ಡಿನ ಡಬ್ಬದಲ್ಲಿ ಇಷ್ಟು ವರ್ಷ ಒಂದು ಡ್ರೈವರ್ ಸಿ.ಡಿ. ಯಾಕೆ ಬರುತ್ತಿತ್ತು? ತಾನಾಗಿ ಹೊಂದುವ ವ್ಯವಸ್ಥೆಗೆ ಆ ತಟ್ಟೆಯ ಅಗತ್ಯವೇನು? ಸಿ.ಡಿ. ಕಳೆದುಹೋದ ಮನೆಯವರಿಂದ ‘ಡ್ರೈವರ್ ಹಾಕೋ ಚಾರ್ಜು’ ಅಂತ ವಸೂಲಿ ಮಾಡಿದ್ದು ಯಾವ ಹೊಂದಾಣಿಕೆಗೆ? ಅದಿರಲಿ, ಹೊಸ ಲೆಕ್ಕಕ್ಕೆ ಬನ್ನಿ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದೇ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ವಾಯಿದೆ, ಅಷ್ಟೇ. ಅಂದರೆ ನಾಲ್ಕನೇ ತಲೆಮಾರಿನ ಐ5 ಇರುವ, ಗುಂಡುಕಲ್ಲಿನಂತೆ ಗಟ್ಟಿಯಾಗಿರುವ ಯಂತ್ರವನ್ನು ‘ಹೊಂದಲ್ಲ’ ಎಂದು ಅಧಿಕೃತವಾಗಿ ಹೊರಗಟ್ಟಿದ್ದು ಯಾರು? ವಿಂಡೋಸ್. ಅದೇ ಯಂತ್ರದಲ್ಲಿ ಇವತ್ತಿನ ಡೆಬಿಯನ್ ಲಿನಕ್ಸ್ ಆಗಲಿ ಲಿನಕ್ಸ್ ಮಿಂಟ್ ಆಗಲಿ ಯಾರ ಅಪ್ಪಣೆಯನ್ನೂ ಕೇಳದೆ ನಡೆಯುತ್ತದೆ. ಇನ್ನೂ ಸೋಜಿಗವೆಂದರೆ, ‘ಹೊಂದಾಣಿಕೆ’ಯ ಪಾಠ ಹೇಳುವ ಕೈಗಳೇ ಇಂಥ ಹಳೆಯ ರಿಫರ್ಬಿಷ್ಡ್ ಡಬ್ಬಗಳಿಗೆ ತಪಾಸಣೆಯ ಕಣ್ಣು ತಪ್ಪಿಸಿ ವಿಂಡೋಸ್ 11 ತುರುಕಿ ಮಾರುತ್ತವೆ. ಒಂದೇ ಅಂಗಡಿಯಲ್ಲಿ, ಒಂದೇ ದಿನ, ಎರಡು ನ್ಯಾಯ.

ಎರಡನೆಯ ವಾದ ಪ್ರಿಂಟರಿನದು. ಇದರಲ್ಲಿ ಹುರುಳಿದೆ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ‘ಪ್ರಿಂಟ್ ಬರಲ್ಲ ಸಾರ್’ ಎನ್ನುವವರಿಗೆ ನಾನು ಕೇಳುವ ಪ್ರಶ್ನೆ: ಯಾವ ಪ್ರಿಂಟರ್? ಉತ್ತರ ಬಹುಮಟ್ಟಿಗೆ ಎರಡರಲ್ಲಿ ಒಂದು. ಒಂದು, ಕ್ಯಾನನ್ ಎಲ್‌ಬಿಪಿ 2900. ಎರಡು, ಎಚ್‌ಪಿ ಲೇಸರ್‌ಜೆಟ್ 1020. ನಮ್ಮ ಕಡೆ ಪಹಣಿ, ಅರ್ಜಿ, ನೋಟ್ಸು ಮುದ್ರಿಸುವ ಟೇಬಲ್ಲುಗಳ ಮೇಲೆ ಈ ಎರಡು ಮುಖಗಳನ್ನು ನೋಡದವರಿಲ್ಲ. ಇವೆರಡೂ ಅಗ್ಗವಾದದ್ದು ಯಾಕೆ ಎಂದು ಕೇಳಿದವರೂ ಇಲ್ಲ. ಪುಟವನ್ನು ಚಿತ್ರವಾಗಿ ಬದಲಿಸುವ ಕೆಲಸವನ್ನು ಪ್ರಿಂಟರಿನ ಒಳಗಿನ ಮಿದುಳು ಮಾಡಬೇಕು. ಇವುಗಳಲ್ಲಿ ಆ ಮಿದುಳನ್ನು ಉಳಿತಾಯ ಮಾಡಿ, ಕೆಲಸವನ್ನು ಕಂಪ್ಯೂಟರಿನ ಡ್ರೈವರ್ ತಲೆಗೆ ಕಟ್ಟಿದ್ದಾರೆ. ಕ್ಯಾನನ್ 2900 ಮಾತನಾಡುವುದು ‘ಕ್ಯಾಪ್ಟ್’ ಎಂಬ ಕಂಪನಿಯ ಸ್ವಂತ ಭಾಷೆ. ಲಿನಕ್ಸ್‌ಗೆ ಕಂಪನಿ ಕೊಟ್ಟ ಡ್ರೈವರ್ 32 ಬಿಟ್ ಕಾಲದ ಲೈಬ್ರರಿಗಳನ್ನು ಹುಡುಕುತ್ತಾ ಕೂರುತ್ತದೆ. ಎಚ್‌ಪಿ 1020ರದ್ದು ಇನ್ನೊಂದು ಚಾಳಿ: ಸ್ವಿಚ್ ಹಾಕಿದಾಗಲೆಲ್ಲ ಅದಕ್ಕೆ ಫರ್ಮ್‌ವೇರನ್ನು ಕಂಪ್ಯೂಟರೇ ಹೊಸದಾಗಿ ತುಂಬಬೇಕು, ಆರಿಸಿದರೆ ಮರೆತುಬಿಡುತ್ತದೆ. ಆಷಾಢದಲ್ಲಿ ಮೆಸ್ಕಾಂ ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿಬರುತ್ತದೋ ಅಷ್ಟು ಸಲ ಆ ಪ್ರಿಂಟರಿಗೆ ಮರು ಅಕ್ಷರಾಭ್ಯಾಸ. ಎಚ್‌ಪಿಯ ಲಿನಕ್ಸ್ ಸಲಕರಣೆಗಳ ಜೊತೆ ಅದರ ಮುಚ್ಚಿದ ಪ್ಲಗಿನ್ ಹಾಕಿಕೊಂಡರೆ ಈ ಕೆಲಸ ನಡೆಯುತ್ತದೆ, ಆದರೆ ಹಾಕಿಕೊಳ್ಳಬೇಕು ಎಂಬುದು ಗೊತ್ತಿರಬೇಕು.

ಈಗ ವಾದಿಗಳ ಜಾರಿಕೆಯನ್ನು ಗಮನಿಸಿ. ‘ಈ ಎರಡು ಪ್ರಿಂಟರ್ ಕಷ್ಟ’ ಎಂದು ಅವರು ಹೇಳಿದ್ದರೆ ನಾನೂ ತಲೆಯಾಡಿಸುತ್ತಿದ್ದೆ. ಅವರು ಹೇಳುವುದು ‘ಪ್ರಿಂಟರ್ ಕಷ್ಟ’ ಎಂದು. ಎರಡು ಮಾದರಿಗಳ ಪಾಪವನ್ನು ಇಡೀ ಜಾತಿಗೆ ಹಚ್ಚುವುದು ಯಾವ ತರ್ಕ? ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಭಾಷೆ ಬಲ್ಲ ಪ್ರಿಂಟರುಗಳಿವೆ. ಲಿನಕ್ಸ್ ಡ್ರೈವರನ್ನು ತಾವೇ ಒದಗಿಸುವ ಬ್ರದರ್‌ನಂಥ ಕಂಪನಿಗಳಿವೆ. ಅವುಗಳಿಗಿಂತ ಸುಲಭವಾದ ದಾರಿಯೂ ಇದೆ: ಡಬ್ಬದ ಮೇಲೆ ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಗುರುತಿದ್ದರೆ, ಅಂದರೆ ಮೊಬೈಲಿನಿಂದ ಯಾವ ಆ್ಯಪನ್ನೂ ಇಳಿಸದೆ ಮುದ್ರಿಸಬಲ್ಲದಾದರೆ, ಅದು ಲಿನಕ್ಸ್‌ಗೂ ಡ್ರೈವರಿಲ್ಲದೆ ನಡೆಯುತ್ತದೆ ಎಂದು ಬಹುತೇಕ ನಂಬಬಹುದು. ಒಳಗಿನ ವಿಧಾನ ಒಂದೇ. ಇದೇನು ಲಿನಕ್ಸ್‌ನವರ ಖಾಸಗಿ ಹಠವೂ ಅಲ್ಲ. ಮೂರನೆಯವರ ಪ್ರಿಂಟರ್ ಡ್ರೈವರುಗಳನ್ನು ಹಂತಹಂತವಾಗಿ ಕೈಬಿಟ್ಟು ಇದೇ ಸಾಮಾನ್ಯ ಮಾರ್ಗಕ್ಕೆ ಬರುವುದಾಗಿ 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟೇ ಪ್ರಕಟಿಸಿತು. ಹಾಗಾಗಿ ‘ವಿಂಡೋಸ್‌ಗೆ ನಡೆಯುತ್ತೆ’ ಎಂದು ಇಂದು ಕೊಳ್ಳುವ ಮಿದುಳಿಲ್ಲದ ಪ್ರಿಂಟರು ನಾಳೆ ವಿಂಡೋಸ್ ಮನೆಯಲ್ಲೂ ನೆಂಟನೇ.

ಮೂರನೆಯದು ವೈ-ಫೈ. ‘ಅದೇ ಡಾಂಗಲ್ ನಮ್ಮ ಅಂಗಡೀಲಿ ನಡೀತು, ನಿಮ್ಮ ಲಿನಕ್ಸ್‌ನಲ್ಲಿ ನಡೀಲಿಲ್ಲ. ಅಂದಮೇಲೆ ತಪ್ಪು ಯಾರದು?’ ಇಲ್ಲಿ ‘ಅದೇ’ ಎಂಬಲ್ಲೇ ಮೋಸವಿದೆ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯೂಎನ್722ಎನ್ ಎಂಬ ಸಣ್ಣ ಆಂಟೆನಾದ ಡಾಂಗಲನ್ನೇ ತೆಗೆದುಕೊಳ್ಳಿ. ಮೊದಲ ಆವೃತ್ತಿಯೊಳಗಿದ್ದದ್ದು ಅಥೆರೋಸ್ ಕಂಪನಿಯ ಎಆರ್9271 ಚಿಪ್, ಅದರ ಡ್ರೈವರ್ ಲಿನಕ್ಸ್ ತಿರುಳಾದ ಕರ್ನಲ್ ಒಳಗೇ ಇದೆ. ಎರಡನೆಯ ಆವೃತ್ತಿಯಿಂದ ಒಳಗೆ ಕೂತದ್ದು ರಿಯಲ್‌ಟೆಕ್‌ನ ಬೇರೆಯದೇ ಚಿಪ್. ಡಬ್ಬ ಅದೇ, ಹೆಸರು ಅದೇ, ಆಂಟೆನಾ ಅದೇ. ಬದಲಾದದ್ದು ಹಿಂದಿನ ಚೀಟಿಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಮುದ್ರಿಸಿದ ಆವೃತ್ತಿ ಸಂಖ್ಯೆ ಮಾತ್ರ. ಮೊದಲನೆಯದನ್ನು ಹೊಗಳಿದ ಮಾತನ್ನು ನಂಬಿ ಎರಡನೆಯದನ್ನು ಕೊಂಡವರು ಲಿನಕ್ಸನ್ನು ಶಪಿಸಿದರು. ಕಂಪನಿಯನ್ನು ಯಾರೂ ಕೇಳಲಿಲ್ಲ.

ಕೆಲವು ಡಾಂಗಲ್‌ಗಳು ಚುಚ್ಚಿದ ಕೂಡಲೇ ‘ನಾನೊಂದು ಸಿ.ಡಿ. ಡ್ರೈವ್’ ಎಂದು ಪರಿಚಯ ಹೇಳಿಕೊಳ್ಳುತ್ತವೆ. ವಿಂಡೋಸ್ ಡ್ರೈವರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬಂದವು ಅವು. ಇದನ್ನು ಕಂಡು ‘ಲಿನಕ್ಸ್‌ಗೆ ವೈ-ಫೈ ಗೊತ್ತಾಗಲ್ಲ’ ಎನ್ನುವವರು, ವೈ-ಫೈಗೇ ತಾನು ವೈ-ಫೈ ಎಂದು ಗೊತ್ತಿಲ್ಲದ್ದನ್ನು ಗಮನಿಸುವುದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಈ ಅಪವಾದಕ್ಕೊಂದು ಹಳೆಯ ಆಧಾರವಿದೆ. ಬ್ರಾಡ್‌ಕಾಮ್ ಚಿಪ್‌ಗಳು ಎಷ್ಟೋ ವರ್ಷ ಕಾಡಿದವು. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ತುಂಬಿದ್ದ ರಿಯಲ್‌ಟೆಕ್ 8821ಸಿಇ ಕೂಡ 2020ರ ಆಸುಪಾಸಿನಲ್ಲಿ ಅದರ ಡ್ರೈವರ್ ಕರ್ನಲ್ ಒಳಗೆ ಬರುವ ತನಕ ತಲೆನೋವೇ. ಅಂದಿನ ಅನುಭವವನ್ನು ಇಂದಿಗೂ ಸಾಕ್ಷಿಯೆಂದು ತಂದು ನಿಲ್ಲಿಸುವುದು ಮಾತ್ರ ಸರಿಯಲ್ಲ. ಇಂಟೆಲ್ ವೈ-ಫೈ ಕಾರ್ಡು ತೆಗೆದುಕೊಳ್ಳಿ, ಅಥವಾ ಮೀಡಿಯಾಟೆಕ್ ಎಂಟಿ7921 ಸಾಲಿನದ್ದು. ಅದೂ ಬೇಡ ಎನ್ನುವವರಿಗೆ ಫೈಬರ್ ಸಂಪರ್ಕದ ಡಬ್ಬಿಯಿಂದ ಒಂದು ಲ್ಯಾನ್ ವೈರು ಎಳೆಯಿರಿ. ತಂತಿಯ ರಿಯಲ್‌ಟೆಕ್ ಲ್ಯಾನ್ ಲಿನಕ್ಸ್‌ನಲ್ಲಿ ದಶಕದಿಂದ ನಿದ್ದೆಗಣ್ಣಲ್ಲೂ ನಡೆಯುತ್ತದೆ. ವೈರೂ ಇಲ್ಲದ ಹೊತ್ತಿಗೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಟೆದರಿಂಗ್ ಒತ್ತಿದರೆ ಇಂಟರ್‌ನೆಟ್ ಬಂದೇ ಬರುತ್ತದೆ. ಬೇಕಾದ ಡ್ರೈವರನ್ನು ಆ ದಾರಿಯಲ್ಲೇ ಇಳಿಸಬಹುದು.

ನಾಲ್ಕನೆಯದು: ‘ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಕೊಳ್ಳಿ, ಇಲ್ಲಾಂದ್ರೆ ಲಿನಕ್ಸ್ ಎಳೆಯಲ್ಲ.’ ಮನೆಯ ಲೆಕ್ಕಪತ್ರ, ಮಕ್ಕಳ ಪಾಠ, ಯೂಟ್ಯೂಬ್‌ಗೆ ಕಾರ್ಡು ಯಾಕೆ? ಇಂಟೆಲ್ ಪ್ರೊಸೆಸರ್ ಕೊಳ್ಳುವಾಗ ಹೆಸರಿನ ಕೊನೆಯಲ್ಲಿ ‘ಎಫ್’ ಇಲ್ಲದ್ದನ್ನು ಆರಿಸಿದರೆ ಚಿತ್ರ ತೋರಿಸುವ ಭಾಗ ಒಳಗೇ ಇರುತ್ತದೆ. ಎಎಮ್‌ಡಿಯ 5000 ಸರಣಿಯಲ್ಲಾದರೆ 5600ಜಿಯಂತೆ ಕೊನೆಗೆ ‘ಜಿ’ ಇರಬೇಕು. ಎರಡಕ್ಕೂ ಮುಕ್ತ ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ. ಒಂದಕ್ಷರ ನೋಡಿ ಕೊಂಡರೆ ಉಳಿಯುವ ದುಡ್ಡನ್ನು ಒಂದಕ್ಷರ ತಪ್ಪಿಸಿ ಮಾರಿದ ಮೇಲೆ ಜಿಟಿ 710 ಕಾರ್ಡಿನ ರೂಪದಲ್ಲಿ ವಸೂಲು ಮಾಡುತ್ತಾರೆ. ಆ ಕಾರ್ಡಿಗೆ ಎನ್‌ವಿಡಿಯಾ ಕೊಟ್ಟ ಕೊನೆಯ ಡ್ರೈವರ್ 470ರ ಸರಣಿ. 2024ರಲ್ಲಿ ಕಂಪನಿ ಅದರ ಕೈಯನ್ನೂ ಬಿಟ್ಟಿತು. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಿಂದ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಇದೇ ಎನ್‌ವಿಡಿಯಾಗೆ ನಡುಬೆರಳು ತೋರಿಸಿದ್ದು ಜಗತ್ತಿಗೇ ಗೊತ್ತು. 2022ರಲ್ಲಿ ಕಂಪನಿ ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಮುಕ್ತಗೊಳಿಸಿತು ನಿಜ, ಆದರೆ ಟ್ಯೂರಿಂಗ್ ತಲೆಮಾರಿನಿಂದೀಚಿನ ಕಾರ್ಡುಗಳಿಗೆ ಮಾತ್ರ. 710 ಆ ಪಂಕ್ತಿಯಲ್ಲಿಲ್ಲ.

ಇಷ್ಟು ಹೊತ್ತು ಅಂಗಡಿಯವರ ಸರದಿ. ಈಗ ನಮ್ಮದೇ ಪಾಳಯದ ಕಡೆ ತಿರುಗುತ್ತೇನೆ, ಏಕೆಂದರೆ ಅಂಗಡಿಯವರ ಬಾಯಿಗೆ ಅಸ್ತ್ರ ಕೊಟ್ಟವರು ಇವರೇ. ‘ಲಿನಕ್ಸ್ ಯಾವ ಡಬ್ಬಕ್ಕೂ ಹಾಕಿ, ಓಡುತ್ತೆ’ ಎಂಬುದು ಉತ್ಸಾಹಿಗಳ ಘೋಷಣೆ. ಓಡುವುದಿಲ್ಲ. ಉಬುಂಟು 2017ರಲ್ಲೇ 32 ಬಿಟ್ ಡೆಸ್ಕ್‌ಟಾಪ್ ಪ್ರತಿ ಕೊಡುವುದನ್ನು ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿ.ಸಿ.ಗೆ ಇನ್‌ಸ್ಟಾಲರೇ ಇಲ್ಲ. ಅಟ್ಟದಿಂದ ಇಳಿಸಿದ ಪೆಂಟಿಯಂ 4ಕ್ಕೆ, ಒಂದು ಜಿಬಿ ರ‍್ಯಾಮಿಗೆ ‘ಹಾಕಿ ನೋಡಿ’ ಎಂದು ಹುರಿದುಂಬಿಸಿ, ಬ್ರೌಸರ್ ತೆರೆಯಲು ಅದು ಏದುಸಿರು ಬಿಟ್ಟಾಗ ‘ಲೈಟ್‌ವೇಟ್ ಡಿಸ್ಟ್ರೊ ಹಾಕಬೇಕಿತ್ತು’ ಎಂದು ಜಾರಿಕೊಳ್ಳುವುದು ಸಹಾಯವೇ? ಹೊಂದುತ್ತದೆಯೇ ಎಂದು ಮೊದಲು ನೋಡಿ ಆಮೇಲೆ ಕಟ್ಟಬೇಕು ಎಂಬುದನ್ನು ಭದ್ರಾವತಿಯಲ್ಲಿ ಹುಟ್ಟಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಭದ್ರಾ ದಂಡೆಯನ್ನು ಆರಿಸಿದ್ದು ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲಿನ ಕಾಡಿನ ಇದ್ದಿಲು, ಹೊಳೆಯ ನೀರು ಎಲ್ಲವೂ ಕೈಗೆಟಕುವುದನ್ನು ನೋಡಿ. ಕುಲುಮೆ ಕಟ್ಟಿ ಆಮೇಲೆ ಅದಿರು ಹುಡುಕಿಕೊಂಡು ಹೋಗಲಿಲ್ಲ.

ಇನ್ನೊಂದು ಗುಂಪು ಶುದ್ಧಾಚಾರದ್ದು: ‘ಫರ್ಮ್‌ವೇರ್ ಕೂಡ ಮುಕ್ತವಾಗಿರದ ಹಾರ್ಡ್‌ವೇರ್ ಮುಟ್ಟಬಾರದು.’ ತತ್ವಕ್ಕೆ ನಮಸ್ಕಾರ. ಆದರೆ ಈ ಮಡಿಯಲ್ಲಿ ಉಳಿಯಬೇಕಾದರೆ ಇವತ್ತಿನ ಹೆಚ್ಚುಕಡಿಮೆ ಯಾವ ವೈ-ಫೈ ಕಾರ್ಡನ್ನೂ ಬಳಸುವ ಹಾಗಿಲ್ಲ. ಈ ವಿಚಾರದಲ್ಲಿ ಬಹಳ ಕಾಲ ಬಿಗಿಯಾಗಿದ್ದ ಡೆಬಿಯನ್ನೇ 2022ರಲ್ಲಿ ಮತ ಹಾಕಿ, 2023ರ ಡೆಬಿಯನ್ 12ರಿಂದ ಮುಚ್ಚಿದ ಫರ್ಮ್‌ವೇರನ್ನು ತನ್ನ ಅಧಿಕೃತ ಪ್ರತಿಯೊಳಗೆ ಸೇರಿಸಿಕೊಂಡಿತು. ಮನೆಗೆ ಕಂಪ್ಯೂಟರ್ ತರುವ ಗೃಹಸ್ಥನಿಗೆ ಡೆಬಿಯನ್‌ಗಿಂತ ಹೆಚ್ಚಿನ ಮಡಿ ಹೇರುವವರು ಮೊದಲು ತಮ್ಮ ಜೇಬಿನ ಫೋನನ್ನು ಮೇಜಿನ ಮೇಲಿಡಲಿ.

‘ಇದೆಲ್ಲ ನೋಡೋಕೆ ಬೆಂಗಳೂರಿಗೇ ಹೋಗಬೇಕು’ ಎಂಬುದು ಅಂಗಡಿಯವರ ಮುಂದಿನ ಮಾತು. ಭದ್ರಾವತಿಯವರನ್ನು 20 ಕಿ.ಮೀ. ದೂರದ ಶಿವಮೊಗ್ಗಕ್ಕೆ ಕಳಿಸುತ್ತಾರೆ, ಶಿವಮೊಗ್ಗದವರನ್ನು ಬೆಂಗಳೂರಿನ ಎಸ್.ಪಿ. ರಸ್ತೆಗೆ. ಎಸ್.ಪಿ. ರಸ್ತೆಯಲ್ಲಿ ಸಿಗುವ ಚಿಪ್ಪೇ ಇಲ್ಲೂ ಸಿಗುವುದು. ಇಲ್ಲಿ ಸಿಗದಿರುವುದು ಡಬ್ಬ ತೆರೆದು ತೋರಿಸುವ ವ್ಯವಧಾನ. ಒಂದು ಪೆನ್‌ಡ್ರೈವಿನಲ್ಲಿ ಉಬುಂಟು ಅಥವಾ ಮಿಂಟ್ ಹಾಕಿಕೊಂಡು ಹೋಗಿ. ಯಂತ್ರದ ಡಿಸ್ಕನ್ನು ಮುಟ್ಟದೆ ಅದರಿಂದಲೇ ಬೂಟ್ ಮಾಡಿ. ವೈ-ಫೈ ಪಟ್ಟಿ ಕಾಣುತ್ತದೆಯೇ, ಸದ್ದು ಬರುತ್ತದೆಯೇ, ಕ್ಯಾಮೆರಾ ತೆರೆಯುತ್ತದೆಯೇ, ಸ್ಲೀಪ್‌ಗೆ ಹಾಕಿದರೆ ಮತ್ತೆ ಏಳುತ್ತದೆಯೇ ನೋಡಿ. ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಆಜ್ಞೆಗೆ ‘-ಎನ್‌ಎನ್‌ಕೆ’ ಸೇರಿಸಿ ಕೊಟ್ಟರೆ ಒಳಗಿನ ಒಂದೊಂದು ಪಿಸಿಐ ಚಿಪ್ಪೂ ತನ್ನ ಗೋತ್ರ ಹೇಳುತ್ತದೆ. ಚೌಕ ಆವರಣದೊಳಗೆ ಅಂಕೆ-ಅಕ್ಷರಗಳ ನಾಲ್ಕು ಚಿಹ್ನೆ, ಒಂದು ಕೋಲನ್, ಮತ್ತೆ ಅಂಥವೇ ನಾಲ್ಕು. ಮೊದಲ ನಾಲ್ಕು ತಯಾರಕನ ಗುರುತು, ಉಳಿದ ನಾಲ್ಕು ಆ ಸಾಮಾನಿನದು. ಇಂಟೆಲ್‌ನ ಗುರುತು 8086. ತನ್ನ ಹೆಸರಾಂತ ಹಳೆಯ ಪ್ರೊಸೆಸರಿನ ಸಂಖ್ಯೆಯನ್ನೇ ಮನೆತನದ ಹೆಸರು ಮಾಡಿಕೊಂಡಿದೆ. ಕೆಳಗಿನ ಸಾಲಿನಲ್ಲಿ ಬಳಕೆಯಲ್ಲಿರುವ ಡ್ರೈವರಿನ ಹೆಸರಿದ್ದರೆ ಒಳ್ಳೆಯ ಲಕ್ಷಣ, ವೈ-ಫೈಯಂಥ ಮುಖ್ಯ ಸಾಮಾನಿಗೆ ಆ ಸಾಲೇ ಇಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲರಿಗೆ ಎಸ್‌ಎಸ್‌ಡಿ ಕಾಣದಿದ್ದರೆ ಗಾಬರಿ ಬೇಡ, ಬಯಾಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಚಾಲೂ ಇದೆಯೇ ನೋಡಿ. ಬೆರಳಚ್ಚು ಓದುವ ಗುಂಡಿಯ ಮೇಲೆ ಮಾತ್ರ ಭರವಸೆ ಇಡಬೇಡಿ. ಅವುಗಳಲ್ಲಿ ಎಷ್ಟೋ ಇನ್ನೂ ಮಾತು ಕೇಳುವುದಿಲ್ಲ. ಯು.ಪಿ.ಎಸ್. ವಿಚಾರದಲ್ಲಿ ಚಿಂತೆಯೇ ಬೇಡ: ಇಲ್ಲಿ ಹೆಚ್ಚಾಗಿ ಮಾರುವ 600 ವಿಎ ಡಬ್ಬಗಳಲ್ಲಿ ಬಹುಪಾಲಿಗೆ ಕಂಪ್ಯೂಟರಿನ ಜೊತೆ ಮಾತಾಡುವ ತಂತಿಯೇ ಇಲ್ಲ, ಹೊಂದಾಣಿಕೆಯ ಪ್ರಶ್ನೆ ಎಲ್ಲಿಂದ? ಈ ತಪಾಸಣೆಗೆ ಹಿಡಿಯುವುದು ಒಂದು ಕಾಫಿ ಕುಡಿಯುವಷ್ಟು ಹೊತ್ತು. ‘ನಮ್ಮಲ್ಲಿ ಹಾಗೆಲ್ಲ ಬೂಟ್ ಮಾಡೋಕೆ ಬಿಡಲ್ಲ’ ಎನ್ನುವ ಅಂಗಡಿ ತನ್ನ ಸರಕಿನ ಬಗ್ಗೆ ತಾನೇ ಸಾಕ್ಷಿ ನುಡಿದಂತಾಯಿತು.

ಹಾರ್ಡ್‌ವೇರ್ ವಾದ ಸೋಲುತ್ತಿದೆ ಎಂದು ಕಂಡಾಗ ಮಾತು ಮೆಲ್ಲಗೆ ಬೇರೆ ಕಡೆ ಹೊರಳುತ್ತದೆ: ‘ಕನ್ನಡ ಟೈಪ್ ಆಗಲ್ಲವಲ್ಲ.’ ಆಗುತ್ತದೆ. ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಇದೆ, ಹೊರಗಿನಿಂದ ಏನನ್ನೂ ತರಬೇಕಿಲ್ಲ. ಹೆಚ್ಚುಕಡಿಮೆ ಅದೇ ಕೀಲಿಗಳು, ಅದೇ ಬೆರಳ ಅಭ್ಯಾಸ. ನಿಜವಾಗಿ ತೊಡಕಾಗುವುದು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಕಡತಗಳು, ಮದುವೆ ಪತ್ರಿಕೆ ಮಾಡುವ ಡಿ.ಟಿ.ಪಿ.ಯವರ ಹತ್ತಾರು ವರ್ಷದ ರಾಶಿ. ಅವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಅಲ್ಲದೆ ಆ ಕಡತಗಳು ಫಾಂಟಿಲ್ಲದ ವಿಂಡೋಸ್‌ನಲ್ಲೂ ಓದಲಾಗದ ಚಿತ್ತಾರವೇ. ಟ್ಯಾಲಿ ಲಿನಕ್ಸ್‌ಗಿಲ್ಲ, ಒಪ್ಪಿದೆ. ಮನೆಯಲ್ಲಿ ಟ್ಯಾಲಿ ಬೇಕಾದವರು ವಿಂಡೋಸ್ ಇಟ್ಟುಕೊಳ್ಳಲಿ. ಅದು ತಂತ್ರಾಂಶದ ಮಾತಾಯಿತು, ನೀವು ಹೊರಟದ್ದು ಹಾರ್ಡ್‌ವೇರಿನಿಂದ. ‘ಮಕ್ಕಳ ಶಾಲೆಗೆ ವಿಂಡೋಸೇ ಬೇಕು’ ಎನ್ನುವವರು ಕಾಸರಗೋಡಿಗೆ ಹೋಗಿಬರಲಿ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯ, ಉಬುಂಟು ಆಧರಿಸಿದ ಲಿನಕ್ಸ್ ನಡೆಯುತ್ತಿದೆ; ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಾಠವನ್ನು ಕನ್ನಡದಲ್ಲೇ, ಅದರ ಮೇಲೇ ಕಲಿಯುತ್ತಾರೆ. ಗಡಿಯಾಚೆಯ ಕನ್ನಡ ಮಗುವಿಗೆ ಸಾಧ್ಯವಾದದ್ದು ಶಿವಮೊಗ್ಗದ ವಿನೋಬನಗರದ ಮಗುವಿಗೆ ಯಾಕೆ ಕಷ್ಟ?

ಇನ್ನು ‘ಕಾಯಿರಿ, ಸರ್ಕಾರವೇ ಕೊಡುತ್ತೆ’ ಎಂಬ ಹೊಸ ಸಮಾಧಾನ. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರ್ ತೋರಿಸಿತು: ಲಿನಕ್ಸ್, ರಿಸ್ಕ್-5 ಪ್ರೊಸೆಸರ್, 18,999 ರೂಪಾಯಿ ಬೆಲೆ. ಸಂತೋಷ. ಆದರೆ ರಿಸ್ಕ್-5 ಎಂದರೆ ಇಂಟೆಲ್-ಎಎಮ್‌ಡಿ ವಂಶವೇ ಅಲ್ಲ; ಪ್ರತಿ ತಂತ್ರಾಂಶವೂ ಅದಕ್ಕೆಂದೇ ಬೇರೆಯಾಗಿ ಸಿದ್ಧವಾಗಬೇಕು. ಡೆಬಿಯನ್ ಅದನ್ನು ಅಧಿಕೃತವಾಗಿ ಒಳಗೆ ಸೇರಿಸಿಕೊಂಡದ್ದು ಇದೇ 13ನೇ ಆವೃತ್ತಿಯಲ್ಲಿ. ಮುಚ್ಚಿದ ಪ್ರಿಂಟರ್ ಡ್ರೈವರುಗಳ ಕಥೆ ಅಲ್ಲಿ ಇನ್ನೂ ಬಿಗಿ. ‘ಮುಕ್ತ’ ಎಂಬ ಚೀಟಿ ಅಂಟಿದೆ ಎಂದು ಪರೀಕ್ಷೆಗೆ ರಜೆ ಕೊಡುವ ಹಾಗಿಲ್ಲ.

ಕಡೆಯ ವಾದ, ಎಲ್ಲ ಸೋತ ಮೇಲೆ ಹೊರಬರುವುದು: ‘ಸರ್ವೀಸ್ ಯಾರು ಮಾಡ್ತಾರೆ? ವಾರಂಟಿ ಹೋಗುತ್ತೆ.’ ಯಾವ ವಾರಂಟಿ? ರ‍್ಯಾಮಿನ ವಾರಂಟಿ ರ‍್ಯಾಮಿಗೆ, ಎಸ್‌ಎಸ್‌ಡಿಯದು ಎಸ್‌ಎಸ್‌ಡಿಗೆ. ಅದರ ಮೇಲೆ ಏನು ಬರೆದಿದ್ದೀರಿ ಎಂದು ಬಿಡಿಭಾಗದ ಕಂಪನಿ ಕೇಳುವುದಿಲ್ಲ. ಲ್ಯಾಪ್‌ಟಾಪ್ ವಿಚಾರಕ್ಕೆ ಬಂದರೆ, ‘ಡಾಸ್ ಮಾಡೆಲ್, ಅಗ್ಗ’ ಎಂದು ಇವರೇ ಮಾರುವ ಯಂತ್ರಗಳಲ್ಲಿ ಇರುವುದು ಫ್ರೀಡಾಸ್, ಅದೂ ಮುಕ್ತ ತಂತ್ರಾಂಶವೇ. ಅದನ್ನು ಅಳಿಸಿ, ಲೈಸೆನ್ಸಿಲ್ಲದ ವಿಂಡೋಸನ್ನು ಯಾರೋ ಬರೆದ ಆ್ಯಕ್ಟಿವೇಟರಿನಿಂದ ಎಬ್ಬಿಸಿ ಕೊಡುವಾಗ ವಾರಂಟಿಯ ಚಿಂತೆ ಯಾರನ್ನೂ ಕಾಡಿದ್ದಿಲ್ಲ. ಕದ್ದದ್ದಕ್ಕೆ ಸರ್ವೀಸ್ ಸಿಗುತ್ತದೆ, ಕಾನೂನುಬದ್ಧವಾಗಿ ಉಚಿತವಾದದ್ದಕ್ಕೆ ಇಲ್ಲ ಎಂಬ ನಿಯಮ ಎಲ್ಲಿ ಬರೆದಿದೆಯೋ ತೋರಿಸಲಿ. ಅದಕ್ಕಿಂತ ಮುಂಚೆ ಒಂದು ಸಣ್ಣ ಕೆಲಸ ಮಾಡಲಿ: ಬಿಲ್ಲಿನಲ್ಲಿ ‘ವೈ-ಫೈ ಡಾಂಗಲ್ – 1, ಪ್ರಿಂಟರ್ – 1’ ಎಂದು ಗೀಚುವ ಬದಲು ಪೂರ್ತಿ ಮಾದರಿ ಸಂಖ್ಯೆ, ಆವೃತ್ತಿ, ಒಳಗಿನ ಚಿಪ್ಪಿನ ಹೆಸರು ಬರೆದುಕೊಡಲಿ. ಹೊಂದುತ್ತದೋ ಇಲ್ಲವೋ ನಾವೇ ಮನೆಯಲ್ಲಿ ಕೂತು ನೋಡಿಕೊಂಡು, ಮರುದಿನ ಬಂದು ದುಡ್ಡು ಕೊಡುತ್ತೇವೆ.